ಮೈಕಾ ಇಲ್ಲದ ಮೈಕಾ

ಹೋದ ಬೇಸಿಗೆಯಲ್ಲಿ ಊರಿನ ಮನೆಗೆ ಸುಣ್ಣಬಣ್ಣ ಮಾಡಿಸಿದೆವು. ಗೋಡೆ ಹೊಸದಾದ ಕೂಡಲೇ ಒಳಗಿರುವ ಹಳೇ ಸಾಮಾನು ಇನ್ನಷ್ಟು ಹಳೇದಾಗಿ ಕಾಣುತ್ತೆ. ನಿಮಗೂ ಅನುಭವ ಇರಬಹುದು. ನಡುಮನೆಯಲ್ಲಿದ್ದ ಅಪ್ಪನ ಮೇಜೂ ಹಾಗೇ ಕಂಡಿತು. ಅಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದರು. 1978ರಲ್ಲಿ ಮಾಡಿಸಿದ ಮತ್ತಿ ಮರದ ಮೇಜು, ಮೇಲೆ ತಿಳಿಹಸಿರು ಬಣ್ಣದ ಸನ್ಮೈಕಾ. ಬಲಗಡೆ ಮೂಲೆಯಲ್ಲಿ ಸನ್ಮೈಕಾ ಎದ್ದು ಹಪ್ಪಳದ ಹಾಗೆ ಸೆಟೆದುಕೊಂಡಿತ್ತು. ಆ ಮೂಲೆ ಏಳೋದಕ್ಕೆ ಅರ್ಧ ಕಾರಣ ನಾನೇ. ಮಗ್ಗಿ ಬಾಯಿಗೆ ಬಾರದಾಗಲೆಲ್ಲ ಅಲ್ಲಿ ಉಗುರು ಹಾಕಿ ಎಬ್ಬಿಸುತ್ತಾ ಕೂರುತ್ತಿದ್ದೆ.

ರಿಪೇರಿಗೆ ಆಚಾರ್ರು ಬಂದರು. ಬೆರಳ ಗೆಣ್ಣಿನಿಂದ ಮೇಜನ್ನು ಎರಡು ಸಲ ಕುಟ್ಟಿ ನೋಡಿದರು.

"ಮರ ಕಲ್ಲಿದ್ದಂಗೈತೆ ಸಾ. ಮೈಕಾ ಮಾತ್ರ ಹೋಗೈತೆ. ಹಳೇ ಮೈಕಾ ಕಿತ್ತಾಕಿ ಹೊಸ ಮೈಕಾ ಹೊಡುದ್ರೆ ಇನ್ನೂ ನಲವತ್ತು ವರ್ಷ."

ನಾನು ಸುಮ್ಮನಿರಬೇಕಿತ್ತು. "ಅದು ಮೈಕಾ ಅಲ್ಲ ಆಚಾರ್ರೇ, ಲ್ಯಾಮಿನೇಟ್. ಅದರಲ್ಲಿ ಮೈಕಾ ಇರೋದೇ ಇಲ್ಲ" ಅಂದೆ.

"ಏನೋ ಒಂದು. ಅಂಗಡಿಯೋರೂ ಮೈಕಾ ಅಂತಾರೆ, ನಾವೂ ಮೈಕಾ ಅಂತೀವಿ" ಅಂತ ಅವರು ಡ್ರಾಯರ್ ಎಳೆದು ಖಾಲಿ ಮಾಡತೊಡಗಿದರು. ಬತ್ತಿದ ಇಂಕ್ ಪೆನ್ನು, ತುಕ್ಕು ಹಿಡಿದ ಪಿನ್ನು, ಹಳೇ ಪಂಚಾಂಗಗಳ ಅಡಿಯಿಂದ ಗಡುಸಾದ ಪ್ಲಾಸ್ಟಿಕ್ಕಿನ ಒಂದು ಹಾಳೆ ಹೊರಬಂತು. ಅವರ ಜೊತೆ ಬಂದಿದ್ದ ಹುಡುಗ ಅದನ್ನೆತ್ತಿ ಬೆಳಕಿಗೆ ಹಿಡಿದು, "ಇದೂ ಲ್ಯಾಮಿನೇಷನ್ನೇ ಅಲ್ವಾ ಸಾ?" ಅಂದ.

ಹೌದು, ಅದೂ ಲ್ಯಾಮಿನೇಷನ್ನೇ. ನನ್ನ ತಾತನ ಜಮೀನಿನ ಪತ್ರ. ಲ್ಯಾಮಿನೇಷನ್ ಮಾಡಿಸಿದ್ದೂ ನಾನೇ. ಅದರ ಕತೆಗೆ ಆಮೇಲೆ ಬರ್ತೀನಿ. ಮೊದಲು ಈ ಪದದ ಕತೆ ಹೇಳಬೇಕು, ಯಾಕೆಂದರೆ ಆಚಾರ್ರಿಗೆ ತಿದ್ದಲು ಹೋದ ನಾನು ಆ ರಾತ್ರಿ ಪುಸ್ತಕ ತೆರೆದು ಕೂತಾಗ ಗೊತ್ತಾಗಿದ್ದು ಇಷ್ಟು: ಚರಿತ್ರೆ ಅವರ ಕಡೆಗೇ ಇತ್ತು.

*

ಲ್ಯಾಟಿನ್ನಿನಲ್ಲಿ 'ಲಾಮಿನಾ' ಅಂದರೆ ತೆಳ್ಳನೆಯ ತಗಡು, ರೇಕು. ಅದರಿಂದ ಇಂಗ್ಲಿಷಿನ 'ಲ್ಯಾಮಿನೇಟ್' ಬಂತು. ಈ ಕ್ರಿಯಾಪದ ಸ್ವಲ್ಪ ಎರಡು ನಾಲಿಗೆಯದ್ದು. ನಿಘಂಟು ತೆಗೆದರೆ ಒಂದು ಅರ್ಥ, ಬಡಿದು ತೆಳ್ಳಗೆ ಮಾಡುವುದು ಅಥವಾ ಪದರ ಪದರವಾಗಿ ಸೀಳುವುದು. ಇನ್ನೊಂದು ಅರ್ಥ, ಪದರಗಳನ್ನು ಒಂದರ ಮೇಲೊಂದು ಇಟ್ಟು ಅಂಟಿಸಿ ಒಂದೇ ಮಾಡುವುದು. ಒಂದು ಬಿಡಿಸೋದು, ಇನ್ನೊಂದು ಕೂಡಿಸೋದು. ಕನ್ನಡದಲ್ಲಿ ಈ ಎರಡಕ್ಕೂ ಬೇರೆ ಬೇರೆ ಮಾತು ಬೇಕು. ಇಂಗ್ಲಿಷ್ ಒಂದೇ ಮಾತಿನಲ್ಲಿ ಎರಡನ್ನೂ ಮುಗಿಸಿಬಿಟ್ಟಿದೆ.

ಬೇಕರಿಯವರು ಪಫ್ ಮಾಡುವ ಹಿಟ್ಟಿಗೂ ಲ್ಯಾಮಿನೇಟೆಡ್ ಹಿಟ್ಟು ಅಂತಲೇ ಹೆಸರು. ನಮ್ಮ ಚಿರೋಟಿಯೂ ಅದೇ ಜಾತಿ. ಲಟ್ಟಿಸಿದ ಹಾಳೆಗಳ ನಡುವೆ ತುಪ್ಪ ಮತ್ತು ಅಕ್ಕಿಹಿಟ್ಟು ಕಲಸಿ ಸವರುವುದು ಯಾಕೆ ಹೇಳಿ? ಅಂಟಲಿ ಅಂತಲ್ಲ, ಅಂಟದೇ ಇರಲಿ ಅಂತ. ಎಣ್ಣೆಗೆ ಬಿದ್ದ ಕೂಡಲೇ ಎಸಳೆಸಳಾಗಿ ಬಿಚ್ಚಿಕೊಂಡರೇ ಚಿರೋಟಿ. ಬಿಚ್ಚದಿದ್ದರೆ ಗಟ್ಟಿ ಪೂರಿ. ಮೇಜಿನ ಮೇಲಿನ ಲ್ಯಾಮಿನೇಟು ಇದರ ತದ್ವಿರುದ್ಧ. ಅಲ್ಲಿ ಪದರ ಬಿಚ್ಚಿದರೆ ಮಾಲು ವಾಪಸ್ಸು.

ಈ ಎರಡು ಅರ್ಥಗಳ ನಡುವೆ ಒಂದು ಚರಿತ್ರೆಯೇ ಇದೆ. ಅದು ಶುರುವಾಗುವುದು ಸೀಳುವ ಅರ್ಥದಿಂದ, ಅಂದರೆ ನಿಜವಾದ ಮೈಕಾದಿಂದ.

*

ನಿಜವಾದ ಮೈಕಾ ನಮಗೆ ಚಿಕ್ಕಂದಿನಲ್ಲೇ ಗೊತ್ತಿತ್ತು, ಹೆಸರು ಬೇರೆ ಅಷ್ಟೆ. ನಮ್ಮೂರು ಹೊಳೆನರಸೀಪುರದ ಕಡೆ. ಊರ ಹಿಂದಿನ ದಿಣ್ಣೆಯಲ್ಲಿ ದನ ಮೇಯಲು ಬಿಟ್ಟು ಕೂತರೆ ಕಲ್ಲಿನ ನಡುವೆ ಫಳಫಳ ಹೊಳೆಯುವ ಚೂರು ಸಿಗುತ್ತಿತ್ತು. ಅದು ಕಾಗೆಬಂಗಾರ. ಹೆಸರಲ್ಲೇ ಬೆಲೆ ಕಟ್ಟಿಬಿಟ್ಟಿದ್ದಾರೆ ನಮ್ಮ ಹಿರಿಯರು. ಉಗುರಿನಿಂದ ಸೀಳಿದರೆ ಎರಡು, ಅದನ್ನು ಸೀಳಿದರೆ ನಾಲ್ಕು. ಯಾರದ್ದು ಹೆಚ್ಚು ಹಾಳೆ ಬರುತ್ತೆ ಅಂತ ಪಂದ್ಯ ಕಟ್ಟುತ್ತಿದ್ದೆವು. ಸಂಸ್ಕೃತದಲ್ಲಿ, ಆಯುರ್ವೇದದಲ್ಲಿ ಇದೇ ಅಭ್ರಕ. ರಷ್ಯಾದ ಕಡೆ ಇದರ ದೊಡ್ಡ ಹಾಳೆಗಳನ್ನು ಗಾಜಿನ ಬದಲು ಕಿಟಕಿಗೆ ಹಾಕುತ್ತಿದ್ದರಂತೆ. ಮಾಸ್ಕೋ ಸೀಮೆಯ ಗಾಜು ಅಂತ ಹೆಸರು ಬಿದ್ದು, ಅದರಿಂದಲೇ ಮುಸ್ಕೊವೈಟ್ ಅನ್ನುವ ಶಾಸ್ತ್ರೀಯ ನಾಮಧೇಯ ಬಂತು.

ಕಾಗೆಬಂಗಾರಕ್ಕೆ ಬಂಗಾರದ ಬೆಲೆ ಬಂದದ್ದು ಕರೆಂಟಿನ ಕಾಲದಲ್ಲಿ. 19ನೇ ಶತಮಾನದ ಕೊನೆಯಲ್ಲಿ ಡೈನಮೊ, ಮೋಟಾರುಗಳು ಬಂದಾಗ ಎಂಜಿನಿಯರುಗಳಿಗೆ ಒಂದು ವಸ್ತು ಬೇಕಾಯಿತು. ವಿದ್ಯುತ್ ಹರಿಯಗೊಡಬಾರದು, ಶಾಖಕ್ಕೆ ಸುಡಬಾರದು, ಕಾಗದದಷ್ಟು ತೆಳ್ಳಗಿರಬೇಕು. ಈ ಮೂರೂ ಒಟ್ಟಿಗೆ ಇದ್ದದ್ದು ಮೈಕಾದಲ್ಲಿ. ಮೋಟಾರಿನ ಒಳಗೆ ಕಮ್ಯುಟೇಟರ್ ಅಂತ ಒಂದು ಭಾಗ ಇರುತ್ತೆ. ತಾಮ್ರದ ಪಟ್ಟಿಗಳನ್ನು ವೃತ್ತಾಕಾರವಾಗಿ ಜೋಡಿಸಿ, ಒಂದಕ್ಕೊಂದು ತಾಗದಂತೆ ನಡುವೆ ಮೈಕಾ ಹಾಳೆ ಇಡುತ್ತಾರೆ. ಅಷ್ಟು ದೂರ ಯಾಕೆ, ಮನೆಯ ಹಳೇ ಇಸ್ತ್ರಿಪೆಟ್ಟಿಗೆ ಬಿಚ್ಚಿ ನೋಡಿ. ತಂತಿ ಸುತ್ತಿರುವ ಆ ಹೊಳೆಯುವ ಹಾಳೆ ಇದೆಯಲ್ಲ, ಅದು ಕಾಗೆಬಂಗಾರವೇ.

ಆಗ ಜಗತ್ತಿಗೆಲ್ಲ ಹಾಳೆ ಮೈಕಾ ಒದಗಿಸುತ್ತಿದ್ದ ದೇಶಗಳಲ್ಲಿ ದೊಡ್ಡದು ಭಾರತ. ಅದರಲ್ಲೂ ಛೋಟಾನಾಗಪುರದ ಕೊಡರ್ಮಾ, ಹಜಾರಿಬಾಗ್, ಗಿರಿಡೀಹ್ ಸೀಮೆ. ಅಂದಿನ ಬಿಹಾರ, ಇಂದಿನ ಜಾರ್ಖಂಡ್. ಅಲ್ಲಿಯ ನಸುಗೆಂಪು ಛಾಯೆಯ 'ರೂಬಿ ಮೈಕಾ'ಕ್ಕೆ ಒಳ್ಳೇ ಹೆಸರಿತ್ತು. ದಕ್ಷಿಣದಲ್ಲಿ ನೆಲ್ಲೂರಿನ ಗಣಿಗಳಿದ್ದವು. ಗಣಿಯಿಂದ ತೆಗೆದದ್ದನ್ನು ಸೀಳುವ ಕೆಲಸಕ್ಕೆ ಯಂತ್ರ ಒಗ್ಗಲಿಲ್ಲ. ಚೂಪಾದ ಚಾಕು ಹಿಡಿದು ಸಾಲಾಗಿ ಕೂತ ಹೆಂಗಸರು, ಮಕ್ಕಳು ಕೈಯಿಂದಲೇ ಸೀಳುತ್ತಿದ್ದರು. ನಾವು ದಿಣ್ಣೆಯ ಮೇಲೆ ಪಂದ್ಯ ಕಟ್ಟಿ ಆಡಿದ್ದನ್ನು ಅವರು ಕೂಲಿಗಾಗಿ ದಿನವಿಡೀ ಮಾಡುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ರೇಡಿಯೊ, ರಾಡಾರು, ವಿಮಾನ ಎಲ್ಲಕ್ಕೂ ಮೈಕಾ ಬೇಕಾಗಿ, ಭಾರತದ ಮೈಕಾ ಕೊಳ್ಳಲೆಂದೇ ಬ್ರಿಟನ್ ಮತ್ತು ಅಮೆರಿಕ ಸೇರಿ ಒಂದು ಜಂಟಿ ಮಿಷನ್ ನಡೆಸಿದವು.

ಆದರೆ ದೊಡ್ಡ ಹಾಳೆ ಸಿಗೋದು ಅಪರೂಪ, ದುಬಾರಿ. ಅದಕ್ಕೆ 1890ರ ದಶಕದಲ್ಲಿ ಒಂದು ಉಪಾಯ ಹುಡುಕಿದರು. ಸಣ್ಣ ಸಣ್ಣ ಸೀಳುಗಳನ್ನು ಒಂದರ ಮೇಲೊಂದು ಹರಡಿ, ನಡುವೆ ಅರಗು ಸವರಿ, ಬಿಸಿ ಮಾಡಿ ಒತ್ತಿದರೆ ಬೇಕಾದಷ್ಟು ದೊಡ್ಡ ಹಾಳೆ ತಯಾರು. ಅದಕ್ಕೆ ಮೈಕನೈಟ್ ಅಂತ ಹೆಸರಿಟ್ಟರು. ಲ್ಯಾಮಿನೇಟ್ ಅನ್ನುವ ಮಾತಿನ ಎರಡೂ ಅರ್ಥ ಒಂದೇ ವಸ್ತುವಿನಲ್ಲಿ ಸಂಧಿಸಿದ್ದು ಇಲ್ಲಿ. ಮೊದಲು ಸೀಳು, ಆಮೇಲೆ ಅಂಟಿಸು.

ಆ ಅರಗು ಎಲ್ಲಿಂದ ಬಂತು ಅಂದುಕೊಂಡಿರಿ? ಬಹುಪಾಲು ಅದೇ ಛೋಟಾನಾಗಪುರದ ಕಾಡಿನಿಂದ. ಮುತ್ತುಗ, ಬೋರೆ, ಕುಸುಮ ಮರಗಳ ಕೊಂಬೆಗೆ ಸಾವಿರ ಸಾವಿರ ಪುಟ್ಟ ಹುಳುಗಳು ಕಚ್ಚಿಕೊಂಡು ಒಸರುವ ಅಂಟೇ ಅರಗು. ಸಂಸ್ಕೃತದ ಲಾಕ್ಷಾ, ಇಂಗ್ಲಿಷಿನ ಲ್ಯಾಕ್. ಪಾಂಡವರನ್ನು ಸುಡಲು ಕಟ್ಟಿಸಿದ ಅರಗಿನ ಮನೆಯ ಅರಗು ಇದೇ, ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವುದೂ ಇದೇ. ಆ ಕಾಲದ ಗ್ರಾಮಾಫೋನ್ ತಟ್ಟೆಗಳೂ ಇದರದ್ದೇ. ಅರಗಿಗಾಗಿಯೇ ರಾಂಚಿಯ ಹತ್ತಿರ ನಾಮ್‌ಕುಮ್‌ನಲ್ಲಿ 1924ರಲ್ಲಿ ಒಂದು ಸಂಶೋಧನಾ ಸಂಸ್ಥೆ ಹುಟ್ಟಿತು. ಅಂದರೆ ಕಲ್ಲೂ ಅಲ್ಲಿನದು, ಅಂಟೂ ಅಲ್ಲಿನದು, ಕೈಯೂ ಅಲ್ಲಿನದು. ಹೆಸರು ಮಾತ್ರ ಬೇರೆಯವರು ಇಟ್ಟರು.

*

ಮೊದಲು ಅರಗಿಗೆ ಬದಲಿ ಬಂತು. ಬೆಲ್ಜಿಯಂನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಲಿಯೊ ಬೇಕಲಂಡ್ ಅನ್ನುವ ರಸಾಯನಶಾಸ್ತ್ರಜ್ಞ, ಹುಳುಗಳನ್ನು ಕಾಯದೆ ಅರಗು ಮಾಡಲಾದೀತೇ ಅಂತ ಹೊರಟ. ಫೀನಾಲ್ ಮತ್ತು ಫಾರ್ಮಾಲ್ಡಿಹೈಡನ್ನು ಶಾಖ, ಒತ್ತಡದಲ್ಲಿ ಬೆರೆಸಿದಾಗ ಒಂದು ಸಲ ಗಟ್ಟಿಯಾದರೆ ಮತ್ತೆ ಕರಗದ ವಸ್ತು ಸಿಕ್ಕಿತು. 1909ರಲ್ಲಿ ಪೇಟೆಂಟ್ ಆದ ಅದೇ ಬೇಕಲೈಟ್. ಹಳೇ ಕಪ್ಪು ಸ್ವಿಚ್ಚು, ಕಪ್ಪು ಟೆಲಿಫೋನು ನೆನಪಿಸಿಕೊಳ್ಳಿ.

ಇಲ್ಲಿ ಒಂದು ಗುಟ್ಟು ಗಮನಿಸಬೇಕು. ಅರಗು ಕಾಸಿದರೆ ಕರಗುತ್ತೆ, ಸ್ಪಿರಿಟ್ ಹಾಕಿದರೂ ಕರಗುತ್ತೆ. ಬೇಕಲೈಟ್ ಯಾವುದಕ್ಕೂ ಕರಗೋದಿಲ್ಲ. ಅದೇ ಅದರ ಹೆಚ್ಚುಗಾರಿಕೆ.

ಆಮೇಲೆ ಕಲ್ಲಿನ ಸರದಿ. ಪಿಟ್ಸ್‌ಬರ್ಗಿನ ವೆಸ್ಟಿಂಗ್‌ಹೌಸ್ ಕಂಪನಿಯಲ್ಲಿ ಡೇನಿಯಲ್ ಓಕಾನರ್, ಹರ್ಬರ್ಟ್ ಫೇಬರ್ ಅಂತ ಇಬ್ಬರು ಯುವಕ ಎಂಜಿನಿಯರುಗಳು. 1912ರಲ್ಲಿ ಓಕಾನರ್ ಒಂದು ಕಡ್ಡಿಗೆ ಬಟ್ಟೆ ಸುತ್ತುತ್ತಾ ಪದರ ಪದರಕ್ಕೂ ಬೇಕಲೈಟ್ ರಾಳ ಬಳಿದ. ಆ ಕೊಳವೆಯನ್ನು ಉದ್ದಕ್ಕೆ ಸೀಳಿ, ಪ್ರೆಸ್ಸಿನಲ್ಲಿಟ್ಟು ಚಪ್ಪಟೆ ಮಾಡಿ ಬೇಯಿಸಿದ. ಹಗುರವಾದ, ಗಟ್ಟಿಯಾದ, ವಿದ್ಯುತ್ ತಡೆಯುವ ಹಾಳೆ ಸಿಕ್ಕಿತು. ಪೇಟೆಂಟಿಗೆ ಅರ್ಜಿ ಹೋದದ್ದು 1913ರ ಫೆಬ್ರುವರಿಯಲ್ಲಿ. ಹಕ್ಕು ಕಂಪನಿಗೆ, ಓಕಾನರ್‌ಗೆ ವಾಡಿಕೆಯಂತೆ ಒಂದು ಡಾಲರ್. ಇಬ್ಬರೂ ಕೆಲಸ ಬಿಟ್ಟು ಅದೇ ವರ್ಷ ಮೇ ತಿಂಗಳಲ್ಲಿ ಸಿನ್ಸಿನಾಟಿಯಲ್ಲಿ ಸ್ವಂತ ಕಂಪನಿ ತೆರೆದರು. ಮೊದಲು ಮಾಡಿಕೊಟ್ಟ ಮಾಲು ಕಮ್ಯುಟೇಟರಿನ ಉಂಗುರಗಳು, ಅದುವರೆಗೆ ಮೈಕಾ ಕೂತಿದ್ದ ಜಾಗದ್ದು. ಮೈಕಾ ಬದಲಿಗೆ, ಇಂಗ್ಲಿಷಿನಲ್ಲಿ 'ಫಾರ್ ಮೈಕಾ'. ಎರಡು ಪದ ಕೂಡಿಸಿದರೆ ಫಾರ್ಮೈಕಾ.

ಈಗ ಆಚಾರ್ರ ಮಾತು ನೆನಪಿಸಿಕೊಳ್ಳಿ. ಮೈಕಾ ಬದಲಿಗೆ ಬಂದದ್ದನ್ನು ಅವರು ಮೈಕಾ ಅಂತಲೇ ಕರೆದಿದ್ದರು. ಕುರ್ಚಿ ಬಿಟ್ಟು ಹೋದವನ ಹೆಸರಲ್ಲೇ ಬಂದವನು ಕೂತಿದ್ದಾನೆ.

ಅಂದ ಹಾಗೆ, ಲ್ಯಾಟಿನ್ನಿನಲ್ಲಿ 'ಫಾರ್ಮಿಕಾ' ಅಂದರೆ ಇರುವೆ! ಹೆಸರಿಟ್ಟವರ ಮನಸ್ಸಿನಲ್ಲಿ ಇರುವೆ ಇರಲಿಲ್ಲ. ಆದರೆ ವಸ್ತುವಿನೊಳಗೆ ಇರುವೆಯ ಹೆಸರು ಇದ್ದೇ ಇದೆ. 1671ರಲ್ಲಿ ಜಾನ್ ರೇ ಅನ್ನುವ ಇಂಗ್ಲಿಷ್ ವಿಜ್ಞಾನಿ ಇರುವೆಗಳಿಂದ ಭಟ್ಟಿ ಇಳಿಸಿದ ಹುಳಿಯ ಬಗ್ಗೆ ಬರೆದ. ಅದೇ ಫಾರ್ಮಿಕ್ ಆಮ್ಲ. ಅದರಿಂದ ಫಾರ್ಮಾಲ್ಡಿಹೈಡ್ ಅನ್ನುವ ಹೆಸರು. ಮಲೆನಾಡಿನಲ್ಲಿ ಚಗಳಿ ಚಟ್ನಿ ತಿಂದವರಿಗೆ ಆ ಹುಳಿ ನಾಲಿಗೆಯಲ್ಲೇ ಗೊತ್ತು. ಅರಗಿನ ಹುಳುವನ್ನು ಬಿಡಿಸಿಕೊಂಡೆವು ಅಂದುಕೊಂಡವರ ಡಬ್ಬಿಯೊಳಗೆ, ಹೆಸರಿನ ರೂಪದಲ್ಲಿ ಇರುವೆ ಬಂದು ಕೂತಿತ್ತು.

*

ಫಾರ್ಮೈಕಾ ಮೋಟಾರಿನಿಂದ ಮೇಜಿಗೆ ಏರಿದ್ದು 1920ರ ದಶಕದ ಕೊನೆಯಲ್ಲಿ, ಮೇಲ್ಪದರದ ಕಾಗದಕ್ಕೆ ಮರದ ಗೆರೆಗಳನ್ನು ಅಚ್ಚು ಹಾಕುವುದನ್ನು ಕಲಿತ ಮೇಲೆ. ಬೇಕಲೈಟಿನ ಬಣ್ಣ ಕಂದು. ಬೇಕಾದ ಬಣ್ಣ ಬಂದದ್ದು 1930ರ ದಶಕದ ಕೊನೆಗೆ, ಪಾರದರ್ಶಕವಾದ ಮೆಲಮೈನ್ ರಾಳ ಸಿಕ್ಕಾಗ. ಯುದ್ಧ ಮುಗಿದ ಮೇಲೆ ಅಮೆರಿಕದ ಅಡುಗೆಮನೆ, ಹೋಟೆಲುಗಳನ್ನೆಲ್ಲ ಅದು ಆವರಿಸಿತು.

ನಮ್ಮಲ್ಲಿಗೂ ಅದು ಹೀಗೇ ಎರಡು ಬಾಗಿಲಿನಿಂದ ಬಂತು. ಒಂದು ಎಲೆಕ್ಟ್ರಿಷಿಯನ್ನರ ಬಾಗಿಲು. ಸ್ವಿಚ್‌ಬೋರ್ಡಿಗೆ ಹಾಕುವ 'ಹೈಲಂ ಶೀಟ್' ಇತ್ತಲ್ಲ, ಆ ಹೈಲಂ ಹೈದರಾಬಾದಿನ ಲ್ಯಾಮಿನೇಟ್. ಊರಿನ ಹೆಸರಿನ ತಲೆ, ವಸ್ತುವಿನ ಹೆಸರಿನ ಕುತ್ತಿಗೆ. ಇನ್ನೊಂದು ಬಡಗಿಯ ಬಾಗಿಲು, ಸನ್ಮೈಕಾ. ಸನ್ಮೈಕಾ ಒಂದು ಕಂಪನಿಯ ಮಾಲಿನ ಹೆಸರು ಅನ್ನೋದನ್ನೇ ನಾವು ಮರೆತೆವು. ವನಸ್ಪತಿಯೆಲ್ಲ ಡಾಲ್ಡಾ ಆದ ಹಾಗೆ, ನಕಲೆಲ್ಲ ಜೆರಾಕ್ಸ್ ಆದ ಹಾಗೆ, ಲ್ಯಾಮಿನೇಟೆಲ್ಲ ಸನ್ಮೈಕಾ ಆಯಿತು. ಬಾಯಲ್ಲಿ ಸವೆದು ಕೊನೆಗೆ ಬರೀ ಮೈಕಾ ಉಳಿಯಿತು.

ಅಪ್ಪನ ತಲೆಮಾರಿಗೆ ಅದು ಸಣ್ಣ ಸಂಗತಿಯಲ್ಲ. ಅದಕ್ಕೆ ಮೊದಲು ಮನೆಯಲ್ಲಿದ್ದದ್ದು ಎಣ್ಣೆಜಿಡ್ಡು ಕುಡಿದು ಕಪ್ಪಾದ ಹಲಗೆ. ಸನ್ಮೈಕಾ ಕಲೆ ಕುಡಿಯೋದಿಲ್ಲ, ಒದ್ದೆಬಟ್ಟೆ ಎಳೆದರೆ ಮತ್ತೆ ಹೊಸದು. ಭಾನುವಾರ ಬೆಳಿಗ್ಗೆ ಅಪ್ಪ ತಾವೇ ಮೇಜು ಒರೆಸುತ್ತಿದ್ದರು. ಬಂದವರು ಕಾಫಿ ಲೋಟ ಇಡಲು ಅನುಮಾನಿಸಿದರೆ, "ಇಡಿ ಇಡಿ, ಸನ್ಮೈಕಾ ಅದು, ಏನಾಗಲ್ಲ" ಅನ್ನುತ್ತಿದ್ದ ದನಿಯಲ್ಲಿ ಒಂದು ಹೆಮ್ಮೆ ಇತ್ತು.

ಆ ಹೆಮ್ಮೆಯ ಒಳಗೇನಿತ್ತು ಅಂತ ನಾನು ನೋಡಿದ್ದು ಈಗ. ಆಚಾರ್ರು ಕಿತ್ತ ಚೂರಿನ ಅಂಚನ್ನು ಕಣ್ಣಿನ ಹತ್ತಿರ ಹಿಡಿದರೆ ಕಂದು ಗೆರೆಗಳು. ಪ್ಯಾಕಿಂಗಿಗೆ ಬಳಸುವಂಥ ಕಂದು ಕ್ರಾಫ್ಟ್ ಕಾಗದದ ಹಲವು ಹಾಳೆ, ಮೇಲೆ ಬಣ್ಣದ ಒಂದು ಹಾಳೆ. ರಾಳದಲ್ಲಿ ನೆನೆಸಿ, ಭಾರೀ ಪ್ರೆಸ್ಸಿನಲ್ಲಿ ಸುಮಾರು 140–150 ಡಿಗ್ರಿ ಶಾಖದಲ್ಲಿ ಬೇಯಿಸಿ ಮಾಡಿದ ಒಂದು ಮಿಲಿಮೀಟರ್ ದಪ್ಪದ ಹಾಳೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಗದವೇ. ನಲವತ್ತು ವರ್ಷ ನಾವು ಬರೆದದ್ದು, ಉಂಡದ್ದು ಕಾಗದದ ಮೇಲೆ. ಆ ಕಾಗದದ ಕೆಳಗಿನ ಡ್ರಾಯರಿನಲ್ಲಿ ಇನ್ನೊಂದು ಕಾಗದ ಪ್ಲಾಸ್ಟಿಕ್ಕಿನೊಳಗೆ ಮಲಗಿತ್ತು.

*

ಇನ್ನು ಆ ಪತ್ರದ ಕತೆ. ತಾತ ಇನ್ನೊಬ್ಬರ ಎರಡು ಎಕರೆ ಹೊಲವನ್ನು ವಾರಕ್ಕೆ ಮಾಡುತ್ತಿದ್ದರು. ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಫಾರಂ ನಂಬರ್ 7ರಲ್ಲಿ ಅರ್ಜಿ ಹಾಕಿದರು. ಭೂನ್ಯಾಯಮಂಡಳಿಯ ಮುಂದೆ ಓಡಾಡಿ ಓಡಾಡಿ, 1979ರಲ್ಲಿ ಫಾರಂ ನಂಬರ್ 10 ಕೈಗೆ ಬಂತು. ಒಂದು ಹಾಳೆ, ತಹಸೀಲ್ದಾರರ ಸಹಿ, ನೇರಳೆ ಶಾಯಿಯ ಗುಂಡು ಮೊಹರು. ಓದಲು ಬಾರದ ತಾತ ಅದನ್ನು ನಾಲ್ಕು ಮಡಿಕೆ ಮಾಡಿ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು, ವರ್ಷಕ್ಕೊಮ್ಮೆ ಬಿಚ್ಚಿ ನೋಡಿ ಮತ್ತೆ ಮಡಿಸಿಡುತ್ತಿದ್ದರು. ಹಿಂದುಗಡೆ ಅಪ್ಪ ಪೆನ್ಸಿಲಿನಲ್ಲಿ ಸರ್ವೆ ನಂಬರು, ಚಕ್ಕುಬಂದಿ ಬರೆದಿಟ್ಟಿದ್ದರು.

1997ರಲ್ಲಿ ನನಗೆ ಕೆಲಸ ಸಿಕ್ಕಿತು. ಮೊದಲ ಸಂಬಳ ತೆಗೆದುಕೊಂಡು ಊರಿಗೆ ಬಂದಾಗ ಆ ಪತ್ರ ಮಡಿಕೆಯಲ್ಲಿ ಹರಿಯತೊಡಗಿತ್ತು. ಬಸ್‌ಸ್ಟ್ಯಾಂಡ್ ಹತ್ತಿರ 'ಎಸ್‌ಟಿಡಿ, ಜೆರಾಕ್ಸ್, ಲ್ಯಾಮಿನೇಷನ್' ಅಂತ ಬೋರ್ಡು ಹಾಕಿದ್ದ ಅಂಗಡಿಗೆ ಒಯ್ದೆ. ಬಿಸಿ ರೋಲರಿನ ಒಂದು ಕಡೆ ಹೋದ ಬಡಕಲು ಕಾಗದ ಇನ್ನೊಂದು ಕಡೆಯಿಂದ ಗಾಜಿನ ಹಾಗೆ ಹೊರಬಂತು. ಹೆಮ್ಮೆಯಿಂದ ಅಪ್ಪನ ಕೈಗಿಟ್ಟೆ. ಅಪ್ಪ ಹಿಂದೆ ಮುಂದೆ ತಿರುಗಿಸಿ, ಬೆರಳಾಡಿಸಿ, "ಚೆನ್ನಾಗಿದೆ" ಅಂದರು. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು.

"ಇದನ್ನ ಮತ್ತೆ ತೆಗೀಬೋದೇನೋ?"

"ಯಾಕಪ್ಪಾ ತೆಗೀಬೇಕು?" ಅಂದೆ. ಅವರು ಸುಮ್ಮನಾದರು.

ಅಪ್ಪ ತೀರಿಕೊಂಡ ಮೇಲೆ ಖಾತೆ ಬದಲಾಯಿಸಲು ಆ ಪತ್ರ ಹಿಡಿದು ಒಂದು ಕಚೇರಿಗೆ ಹೋದೆವು. ಅಷ್ಟರಲ್ಲಿ ಪ್ಲಾಸ್ಟಿಕ್ ಹಳದಿಯಾಗಿತ್ತು. ಬಿಸಿಗೋ ಏನೋ, ನೇರಳೆ ಮೊಹರು ಹರಡಿ ಮಸಿಯ ಮಚ್ಚೆಯಾಗಿತ್ತು. ಅಲ್ಲಿದ್ದವರು ಬೆಳಕಿಗೆ ಹಿಡಿದು ನೋಡಿ, "ಇದು ಒರಿಜಿನಲ್ ಅಂತ ಹೆಂಗೆ ನಂಬೋದು ಸ್ವಾಮಿ? ಜೆರಾಕ್ಸ್ ಮಾಡಿ ಲ್ಯಾಮಿನೇಷನ್ ಮಾಡ್ಸಿದ್ರೂ ಹಿಂಗೇ ಕಾಣ್ಸುತ್ತೆ" ಅಂದರು. ಕೋಪ ಬಂತು, ಆದರೆ ಅವರ ಮಾತು ನಿಜ. ಕಾಗದದ ಒರಟು, ಪೆನ್ನಿನ ಒತ್ತು, ಶಾಯಿ ಇಳಿದ ಬಗೆ, ಯಾವುದನ್ನೂ ಈಗ ಮುಟ್ಟಿ ನೋಡುವ ಹಾಗಿಲ್ಲ. ಅಸಲಿಯನ್ನು ಉಳಿಸಲು ಹೋಗಿ ಅದನ್ನು ನಕಲಿನ ಹಾಗೆ ಮಾಡಿದ್ದೆ. ಕೊನೆಗೆ ರೆಕಾರ್ಡ್ ರೂಮಿನ ಕಡತದಿಂದ ದೃಢೀಕೃತ ನಕಲು ತೆಗೆಸಿದ ಮೇಲೆ ಕೆಲಸ ಆಯಿತು. ಆ ಕಡತಕ್ಕೆ ಯಾರೂ ಲ್ಯಾಮಿನೇಷನ್ ಮಾಡಿಸಿರಲಿಲ್ಲ, ಸದ್ಯ.

ನನಗೆ ಸಮಾಧಾನ ಕೊಟ್ಟದ್ದು ಒಂದೇ. ಈ ತಪ್ಪನ್ನು ನನಗಿಂತ ತಿಳಿದವರೂ ಮಾಡಿದ್ದರು. ಅಮೆರಿಕದ ವರ್ಜೀನಿಯಾದಲ್ಲಿ ವಿಲಿಯಂ ಬ್ಯಾರೋ ಅನ್ನುವವರು 1930ರ ದಶಕದಲ್ಲಿ ಹಳೇ ದಾಖಲೆಗಳನ್ನು ಸೆಲ್ಯುಲೋಸ್ ಅಸಿಟೇಟ್ ಹಾಳೆಗಳ ನಡುವಿಟ್ಟು ಶಾಖದ ಪ್ರೆಸ್ಸಿನಲ್ಲಿ ಒತ್ತುವ ವಿಧಾನ ತಂದರು. ಎಷ್ಟೋ ದೇಶಗಳ ಪತ್ರಾಗಾರಗಳು ಅದನ್ನು ಅನುಸರಿಸಿದವು. ಕಾಲ ಕಳೆದಂತೆ ಆ ಅಸಿಟೇಟೇ ಕೆಟ್ಟು ಹುಳಿ ಬಿಟ್ಟು, ಒಳಗಿನ ಕಾಗದಕ್ಕೆ ಕುತ್ತಾಗುವುದು ಕಂಡಿತು. ಒತ್ತಿದ್ದನ್ನು ಬಿಡಿಸುವುದೇ ಆಮೇಲೆ ದೊಡ್ಡ ಕೆಲಸವಾಯಿತು.

ಇದರಲ್ಲಿ ನಮ್ಮ ದೇಶದ್ದೂ ಒಂದು ಪಾಲಿದೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಒ.ಪಿ. ಗೋಯಲ್ ಅವರು 1953ರಲ್ಲಿ ಯಂತ್ರವೂ ಬೇಡದ, ಕರೆಂಟೂ ಬೇಡದ ವಿಧಾನ ತೋರಿಸಿಕೊಟ್ಟರು. ದಾಖಲೆಯ ಎರಡೂ ಕಡೆ ಅಸಿಟೇಟ್ ಹಾಳೆ, ಅದರ ಮೇಲೆ ತೆಳ್ಳನೆಯ ಟಿಶ್ಯೂ ಕಾಗದ ಇಟ್ಟು, ಹತ್ತಿಯನ್ನು ಅಸಿಟೋನಿನಲ್ಲಿ ಅದ್ದಿ ಒರೆಸಿದರೆ ಸಾಕು, ಅಂಟಿಕೊಳ್ಳುತ್ತೆ. ದೊಡ್ಡ ಯಂತ್ರ ಕೊಳ್ಳಲಾಗದ ದೇಶಗಳಿಗೆ ಇದು ವರವಾಯಿತು. ಅಸಿಟೇಟು ಹಳತಾಗಿ ಕೆಡುವುದು ಇಲ್ಲೂ ತಪ್ಪಿದ್ದಲ್ಲ. ಆದರೆ ಅಂಟಿಸಿದ ಅಸಿಟೋನೇ ಬಿಡಿಸುವ ದಾರಿಯೂ ಹೌದು. ಅದ್ದಿಟ್ಟರೆ ಪದರ ಬಿಟ್ಟುಕೊಳ್ಳುತ್ತದೆ.

ಇವತ್ತು ಹಳೇ ಕಾಗದ ಕಾಪಾಡುವವರನ್ನು ಕೇಳಿದರೆ ಅವರ ಮೊದಲ ಪಾಠವೇ ಇದು: ಏನೇ ಮಾಡಿ, ಮುಂದೆ ಯಾರಾದರೂ ಅದನ್ನು ಬಿಡಿಸುವ ಹಾಗಿರಲಿ. ಇದನ್ನ ಮತ್ತೆ ತೆಗೀಬೋದೇನೋ? ಅಪ್ಪ ಕೇಳಿದ್ದು ಅದನ್ನೇ. ಮೇಷ್ಟ್ರಿಗೆ ಗೊತ್ತಿತ್ತು, ಮಗನಿಗೆ ಗೊತ್ತಿರಲಿಲ್ಲ.

ನಿಮ್ಮ ಮನೆಯಲ್ಲಿ ಮಾರ್ಕ್ಸ್ ಕಾರ್ಡು, ಹಕ್ಕುಪತ್ರ, ಅಜ್ಜಿಯ ಕಾಗದ ಏನಾದರೂ ಇದ್ದರೆ ದಯವಿಟ್ಟು ಲ್ಯಾಮಿನೇಷನ್ ಅಂಗಡಿಗೆ ಒಯ್ಯಬೇಡಿ. ಒಂದು ಕಡೆ ತೆರೆದಿರುವ ಒಳ್ಳೇ ಪಾಲಿಯೆಸ್ಟರ್ ಕವರಿನಲ್ಲಿ ಬಿಡಿಯಾಗಿ ಇಡಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನವರು 1970ರ ದಶಕದಲ್ಲಿ ಪ್ರಚಾರಕ್ಕೆ ತಂದ ವಿಧಾನದ ತತ್ವವೂ ಅದೇ, ಕಾಗದಕ್ಕೆ ಏನನ್ನೂ ಅಂಟಿಸಬಾರದು. ಅಂಚಿಗಷ್ಟೇ ಬೆಸುಗೆ, ಕತ್ತರಿಸಿದರೆ ಕಾಗದ ಹೊರಗೆ.

*

ಕೊಡರ್ಮಾದ ಕತೆ ಅರ್ಧಕ್ಕೇ ನಿಂತಿದೆ, ಮುಗಿಸಿಬಿಡ್ತೀನಿ. ಫಾರ್ಮೈಕಾ ಬಂದ ಕೂಡಲೇ ಮೈಕಾ ಗಣಿ ಮುಚ್ಚಲಿಲ್ಲ. ಕೆಂಪಗೆ ಕಾಯುವ ಜಾಗದಲ್ಲಿ ಕಾಗದದ ಆಟ ನಡೆಯೋದಿಲ್ಲ, ಅಲ್ಲಿ ಕಾಗೆಬಂಗಾರವೇ ಬೇಕಾಗಿತ್ತು. ಹೊಡೆತ ಬಿದ್ದದ್ದು ರೇಡಿಯೊ ವಾಲ್ವ್ ಹೋಗಿ ಟ್ರಾನ್ಸಿಸ್ಟರ್ ಬಂದಾಗ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ನಂತರ ಉಳಿದ ಗಣಿಗಳಲ್ಲೂ ಬಹಳಷ್ಟು ಮುಚ್ಚಿದವು. ಗಣಿ ಮುಚ್ಚಿದರೂ ಹೊಟ್ಟೆ ಮುಚ್ಚೋದಿಲ್ಲವಲ್ಲ. ಅಲ್ಲಿನ ಜನ ಪಾಳುಬಿದ್ದ ಗುಂಡಿಗಳಲ್ಲಿ 'ಢಿಬ್ರಾ' ಅನ್ನುವ ಮೈಕಾ ಚೂರು ಆರಿಸತೊಡಗಿದರು. ಹೆಂಗಸರು, ಮಕ್ಕಳು, ಮತ್ತೆ ಅವರೇ. ಆ ಪುಡಿ ಕಾರಿನ ಬಣ್ಣಕ್ಕೆ, ಐಷ್ಯಾಡೋಗೆ ಮಿನುಗು ಕೊಡುತ್ತೆ. 2016ರಲ್ಲಿ ಗುಂಡಿ ಕುಸಿದು ಮಕ್ಕಳು ಸತ್ತ ಸುದ್ದಿಗಳು ಹೊರಬಂದವು. ಪ್ಲೈವುಡ್ ಅಂಗಡಿಯಲ್ಲಿ ಮೈಕಾ ಅಂತ ಕೇಳಿದರೆ ನೂರು ಬಣ್ಣ ತೋರಿಸುತ್ತಾರೆ. ಅದರಲ್ಲಿ ಯಾವುದರಲ್ಲೂ ಮೈಕಾ ಇಲ್ಲ. ಮೈಕಾ ಇರುವ ಕಡೆ ಹೆಸರು ಇಲ್ಲ.

ಆಚಾರ್ರು ಹಳೇ ಸನ್ಮೈಕಾ ಕೀಳಲು ಇಸ್ತ್ರಿಪೆಟ್ಟಿಗೆ ಕೇಳಿದರು. ಅಪ್ಪನ ಹಳೇ ಪೆಟ್ಟಿಗೆಯನ್ನೇ ಕೊಟ್ಟೆ. ಬಿಸಿ ಮಾಡಿ ಮೇಲೆ ಎಳೆದಾಡಿಸಿದ ಹಾಗೆ ಅಡಿಯ ಅಂಟು ಮೆತ್ತಗಾಗಿ ಹಾಳೆ ಏಳುತ್ತಾ ಬಂತು. ಪೆಟ್ಟಿಗೆಯೊಳಗಿನ ನಿಜವಾದ ಮೈಕಾ ಹೆಸರಿಗಷ್ಟೇ ಮೈಕಾ ಆದದ್ದನ್ನು ಎಬ್ಬಿಸುವುದನ್ನು ನೋಡುತ್ತಾ ನಿಂತೆ. ಅಡಿಯಲ್ಲಿ ಮತ್ತಿ ಮರ ನಲವತ್ತು ವರ್ಷದ ಹಿಂದಿನ ಬಣ್ಣದಲ್ಲೇ ಇತ್ತು.

"ಹೊಸ ಮೈಕಾ ಬೇಡ ಆಚಾರ್ರೇ" ಅಂದೆ.

"ಹಂಗಾರೆ ಅರಗಿನ ಪಾಲಿಶ್ ಕೊಡ್ತೀನಿ. ಆದ್ರೆ ಒಂದ್ ಮಾತು ಸಾ, ಬಿಸಿ ಲೋಟ ಮಡಗಿದ್ರೆ ಬೆಳ್ಳಗೆ ಗುರುತು ಬೀಳುತ್ತೆ."

"ಬಿದ್ದರೆ ತೆಗೀಬೋದಾ?"

"ಅದೇನು ಮಾ, ಸ್ಪಿರಿಟಲ್ಲಿ ಒರೆಸಿದ್ರೆ ಪೂರಾ ಬತ್ತದೆ. ಮತ್ತೆ ಹೊಸದಾಗಿ ಹಚ್ಕೊಂಡ್ರಾಯ್ತು."

ಹಚ್ಚಿಸಿದೆ. ಮೊನ್ನೆ ಊರಿಗೆ ಹೋದಾಗ ನೋಡಿದರೆ ಆಗಲೇ ಎರಡು ಲೋಟದ ಗುರುತು ಬಿದ್ದಿವೆ. ತಾತನ ಪತ್ರ ಅದೇ ಡ್ರಾಯರಿನಲ್ಲಿದೆ, ಪ್ಲಾಸ್ಟಿಕ್ಕಿನ ಸಮೇತ. ಅದನ್ನು ಬಿಡಿಸುವ ಸಾಹಸಕ್ಕೆ ನಾನು ಕೈಹಾಕಿಲ್ಲ. ಹಿಂದುಗಡೆ ಅಪ್ಪನ ಪೆನ್ಸಿಲ್ ಅಕ್ಷರ ಮಾತ್ರ ಇನ್ನೂ ಸ್ಪಷ್ಟವಾಗಿ ಓದಲು ಬರುತ್ತೆ.